ಗಾಡಿ ಸರ್ವೀಸು: ಷೋರೂಮಿಗೆ ಬಿಡೋದೋ, ಮನೆ ಮುಂದೆ ಬಿಚ್ಚೋದೋ?

ಬಿಲ್ಲು ನೋಡಿ ಎದೆ ಹಿಡಿದುಕೊಳ್ಳುವ ಮುನ್ನ, ಸ್ಪ್ಯಾನರ್ ಕೈಗೆ ತೆಗೆದುಕೊಳ್ಳುವ ಮುನ್ನ ಒಂದಿಷ್ಟು ಲೆಕ್ಕಾಚಾರ

ಮೈಸೂರು: ನಮ್ಮೂರಲ್ಲಿ ಗಾಡಿ ಇಟ್ಟವರಲ್ಲಿ ಎರಡು ಪಂಗಡ. ಏನೇ ಆಗಲಿ ಕಂಪನಿ ಸರ್ವೀಸಿಗೇ ಬಿಡಬೇಕು ಎನ್ನುವವರು ಒಂದು ಪಂಗಡ. "ಒಂದು ಆಯಿಲ್ ಬದಲಾಯಿಸೋಕೆ ಅವರಿಗ್ಯಾಕ್ರೀ ದುಡ್ಡು ಸುರೀಬೇಕು? ಭಾನುವಾರ ಅರ್ಧ ಗಂಟೆ ಕೂತ್ರೆ ನಾನೇ ಮಾಡ್ಕೋತೀನಿ" ಎನ್ನುವವರು ಇನ್ನೊಂದು ಪಂಗಡ. ಇಬ್ಬರನ್ನೂ ಒಂದೇ ಟೀ ಅಂಗಡಿ ಬೆಂಚಿನ ಮೇಲೆ ಕೂರಿಸಿದರೆ ಟೀ ಆರುತ್ತದೆಯೇ ಹೊರತು ವಾದ ಆರುವುದಿಲ್ಲ.

ಇಬ್ಬರ ಮಾತಿನಲ್ಲೂ ಸತ್ಯವಿದೆ. ಸರ್ವೀಸ್ ಸ್ಟೇಷನ್ನಿನ ಬಿಲ್ಲು ಸಂತೇಪೇಟೆಯ ಸಣ್ಣ ಅಂಗಡಿಯವನ ಒಂದು ದಿನದ ಲಾಭವನ್ನು ನುಂಗಬಲ್ಲದು. ಹಾಗೆಯೇ ಮನೆ ಮುಂದೆ ಸರಿಯಾಗಿ ಬಿಗಿಯದ ಒಂದು ನಟ್ಟು ನಂಜನಗೂಡು ರಸ್ತೆಯಲ್ಲಿ ಒಂದು ಸಂಸಾರವನ್ನೇ ನುಂಗಬಲ್ಲದು. ಆದ್ದರಿಂದ ಇದು ಬರೀ ಜಿಪುಣತನ, ಧಾರಾಳತನದ ಪ್ರಶ್ನೆಯಲ್ಲ. ಯಾವ ಕೆಲಸ ಯಾರ ಕೈಯಲ್ಲಿ ಆಗಬೇಕು ಎಂಬ ಪ್ರಶ್ನೆ.

"ನಾವು ಬಸ್ಸಿನವರು, ನಮಗೇಕೆ ಈ ಪುರಾಣ" ಎಂದು ಪುಟ ಮಗುಚಬೇಡಿ. ಸ್ಟ್ಯಾಂಡಿನಲ್ಲಿ ಸ್ಕೂಟರ್ ಬಿಟ್ಟು ಬಸ್ಸು ಹತ್ತುವವರು ನಿಮ್ಮಲ್ಲಿ ಎಷ್ಟು ಮಂದಿಯಿಲ್ಲ? ಮೇಲಾಗಿ, ಬಸ್ಸಿನಿಂದ ಇಳಿದು ರಸ್ತೆ ದಾಟುವಾಗ ಎದುರಿಗೆ ಬರುವ ಗಾಡಿಯ ಬ್ರೇಕು ಸರಿ ಇರಬೇಕಾದ್ದು ನಿಮಗೂ ಬೇಕಾದ ಸಂಗತಿಯೇ.

ಯೆಜ್ಡಿ ಊರಿನ ಹಳೇ ಅಭ್ಯಾಸ

ಮೈಸೂರಿನವರಿಗೆ ಸ್ಪ್ಯಾನರ್ ಹಿಡಿಯುವ ಚಪಲ ಇಂದು ನಿನ್ನೆಯದಲ್ಲ. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇದ್ದ ಊರು ಇದು. 1960ರ ದಶಕದ ಆರಂಭದಿಂದ ಇಲ್ಲಿ ಜಾವಾ ಮೋಟಾರ್ ಸೈಕಲ್ಲುಗಳು ತಯಾರಾದವು. 1973ರಿಂದ ಅವೇ ಯೆಜ್ಡಿ ಎಂಬ ಹೆಸರಿನಲ್ಲಿ ಹೊರಬಂದವು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಕಾರ್ಖಾನೆ ಹೋದರೂ ಕೈಗೆ ಹತ್ತಿದ ಗ್ರೀಸು ಹೋಗಲಿಲ್ಲ.

ಆ ಕಾಲದ ಗಾಡಿಗಳೂ ಹಾಗೇ ಇದ್ದವು. ಎರಡು ಸ್ಟ್ರೋಕಿನ ಎಂಜಿನ್ನು. ಪೆಟ್ರೋಲಿಗೇ ಆಯಿಲ್ ಬೆರೆಸಬೇಕು. ಪ್ಲಗ್ಗಿಗೆ ಕರಿ ಹಿಡಿದರೆ ಬಿಚ್ಚಿ, ಎಮರಿ ಪೇಪರಿನಲ್ಲಿ ಉಜ್ಜಿ, ಊದಿ ಹಾಕಬೇಕು. ಸೈಲೆನ್ಸರಿನೊಳಗೆ ಮಸಿ ಕಟ್ಟಿದರೆ ಸುಟ್ಟು ತೆಗೆಯಬೇಕು. ಪಾಯಿಂಟ್ ಸೆಟ್ಟಿಂಗ್ ತಪ್ಪಿದರೆ ಕಿಕ್ಕರ್ ಒದ್ದೂ ಒದ್ದೂ ಮೊಣಕಾಲೇ ಕಳಚಬೇಕು. ಬೆಳಿಗ್ಗೆ ಎದ್ದು ಬಜಾಜ್ ಚೇತಕ್ಕನ್ನು ಒಂದು ಪಕ್ಕಕ್ಕೆ ವಾಲಿಸಿ ಕಿಕ್ ಹೊಡೆಯುವುದು ಗಂಡಸರ ಸಂಧ್ಯಾವಂದನೆಯಂತಿತ್ತು. ಹೊಸೂರಿನಿಂದ 1980ರಲ್ಲಿ ಬಂದ ಟಿವಿಎಸ್ 50ಯನ್ನಂತೂ ಸೈಕಲ್ ಷಾಪಿನವನೇ ರಿಪೇರಿ ಮಾಡಿಬಿಡುತ್ತಿದ್ದ. ಕೆಲಸ ಕಲಿಯದೆ ಗಾಡಿ ಓಡಿಸುವಂತೆಯೇ ಇರಲಿಲ್ಲ.

ಈಗ ಕಾಲ ಬದಲಾಗಿದೆ. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ ಆರು ನಿಯಮ ಜಾರಿಗೆ ಬಂದ ಮೇಲೆ ಹೊಸ ಗಾಡಿಗಳಲ್ಲಿ ಹೆಚ್ಚಿನವು ಕಾರ್ಬೊರೇಟರ್ ಬಿಟ್ಟು ಫ್ಯುಯೆಲ್ ಇಂಜೆಕ್ಷನ್ನಿಗೆ ಬಂದಿವೆ. ಮೂಟೆ ಹೊರುವ ಎಕ್ಸ್‌ಎಲ್ ಕೂಡ ಈಗ ನಾಲ್ಕು ಸ್ಟ್ರೋಕು, ಅದಕ್ಕೂ ಇಂಜೆಕ್ಷನ್ನು. ಒಳಗೊಂದು ಪುಟ್ಟ ಕಂಪ್ಯೂಟರು ಕೂತು ಎಷ್ಟು ಪೆಟ್ರೋಲು ಬಿಡಬೇಕೆಂದು ಲೆಕ್ಕ ಹಾಕುತ್ತದೆ. ಮೀಟರಿನಲ್ಲಿ ಹಳದಿ ಎಂಜಿನ್ ದೀಪ ಹತ್ತಿಕೊಂಡು ಆರದೇ ಹೋದರೆ ಅದರ ಕಾರಣ ತಿಳಿಯಲು ಸ್ಕ್ಯಾನರ್ ಬೇಕು. ಸ್ಕ್ರೂಡ್ರೈವರಿನಿಂದ ಐಡಲ್ ತಿರುಗಿಸಿ 'ಸರಿಹೋಯ್ತು ನೋಡಿ' ಎನ್ನುವ ದಿನ ಮುಗಿಯಿತು.

ಹಾಗೆಂದು ಎಲ್ಲವೂ ಕೈತಪ್ಪಿ ಹೋಯಿತೆಂದು ತಿಳಿಯಬೇಡಿ. ಚೈನು ಚೈನೇ, ಟೈರು ಟೈರೇ, ಬ್ರೇಕು ಬ್ರೇಕೇ. ಗಾಡಿ ಕೆಡುವುದು, ಮನುಷ್ಯ ಬೀಳುವುದು ಹೆಚ್ಚಾಗಿ ಈ ಹಳೇ ಮೂರು ಸಾಮಾನುಗಳಿಂದಲೇ.

ವಾರಂಟಿ ಎಂಬ ಗುಮ್ಮ

ಮೊದಲು ಈ ಗುಮ್ಮನ ವಿಚಾರ ಮುಗಿಸೋಣ. "ಹೊರಗೆ ಬಿಚ್ಚಿಸಿದ್ರೆ ವಾರಂಟಿ ಹೋಗುತ್ತೆ ಸಾರ್" ಎಂಬುದು ಸರ್ವೀಸ್ ಕೌಂಟರಿನ ಮಾಮೂಲು ಮಾತು.

ಕಾರುಗಳ ವಿಷಯದಲ್ಲಿ ಈ ಮಾತು ಭಾರತೀಯ ಸ್ಪರ್ಧಾ ಆಯೋಗದವರೆಗೂ ಹೋಗಿತ್ತು. 2014ರ ಆಗಸ್ಟಿನಲ್ಲಿ ಆಯೋಗವು 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿ ಸಾಮಾನನ್ನೂ ರಿಪೇರಿ ಮಾಹಿತಿಯನ್ನೂ ಹೊರಗಿನ ಮೆಕ್ಯಾನಿಕ್ಕುಗಳಿಗೆ ಸಿಗದಂತೆ ಕಟ್ಟಿಹಾಕಿದ್ದಾರೆ ಎಂಬುದು ಆರೋಪವಾಗಿತ್ತು. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿಯನ್ನು ಪೂರ್ತಿ ರದ್ದು ಮಾಡುವ ಷರತ್ತು ಹಾಕಬಾರದು, ಹೊರಗಿನ ಕೆಟ್ಟ ಕೆಲಸದಿಂದ ಎಷ್ಟು ಹಾನಿಯಾಯಿತೋ ಅಷ್ಟಕ್ಕೆ ಮಾತ್ರ ಇಲ್ಲವೆನ್ನಬಹುದು ಎಂದು ಆಯೋಗ ಹೇಳಿತು. ಕಂಪನಿಗಳು ಮೇಲ್ಮನವಿಗೆ ಹೋದವು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರಿಪೇರಿ ಹಕ್ಕಿ'ನ ಬಗ್ಗೆ ಸಮಿತಿ ಮಾಡಿತು. ಅದರಲ್ಲಿ ವಾಹನಗಳೂ ಸೇರಿವೆ.

ಆದರೆ ಕಾನೂನಿನ ಮಾತು ಬೇರೆ, ಕೌಂಟರಿನ ಮಾತು ಬೇರೆ. ಕೌಂಟರಿನವನ ಎದುರು ಆಯೋಗದ ಆದೇಶ ಓದುತ್ತಾ ನಿಂತರೆ ನಿಮ್ಮ ಅಂಗಡಿ ಬಾಗಿಲು ತೆಗೆಯುವವರು ಯಾರು? ಸ್ಕೂಟರು, ಬೈಕುಗಳ ವಾರಂಟಿ ಪುಸ್ತಕದಲ್ಲಿ ಎಲ್ಲ ಸರ್ವೀಸುಗಳನ್ನೂ ಹೊತ್ತಿಗೆ ಸರಿಯಾಗಿ ಕಂಪನಿಯ ಕೇಂದ್ರದಲ್ಲೇ ಮಾಡಿಸಿರಬೇಕು ಎಂದು ಬರೆದಿರುವುದು ಸಾಮಾನ್ಯ. ಆದ್ದರಿಂದ ಬುದ್ಧಿವಂತರ ದಾರಿ ಇದು: ವಾರಂಟಿ ಇರುವಷ್ಟು ದಿನ ಸರ್ವೀಸು ಅಲ್ಲೇ ಆಗಲಿ, ಕೂಪನ್ನಿಗೆ ಮೊಹರು ಬೀಳಲಿ, ಬಿಲ್ಲು ಫೈಲಿನಲ್ಲಿರಲಿ. ಅದರಲ್ಲೂ ಮೊದಲನೇ ಸರ್ವೀಸು ತಪ್ಪಿಸಲೇಬೇಡಿ. ಹೊಸ ಎಂಜಿನ್ನಿನ ಹಲ್ಲುಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಉದುರುವ ಲೋಹದ ಪುಡಿ ಆ ಮೊದಲ ಆಯಿಲಿನಲ್ಲೇ ಇರುತ್ತದೆ.

ಗಾಳಿ ನೋಡುವುದಕ್ಕೆ, ಚೈನಿಗೆ ಎಣ್ಣೆ ಹಾಕುವುದಕ್ಕೆ, ಬ್ರೇಕಿನ ಆಟ ಸರಿಪಡಿಸುವುದಕ್ಕೆ ಯಾವ ವಾರಂಟಿಯೂ ಅಡ್ಡ ಬರುವುದಿಲ್ಲ. ಅವನ್ನು ಮಾಲೀಕನೇ ಮಾಡಬೇಕೆಂದು ಆ ಪುಸ್ತಕದಲ್ಲೇ ಬರೆದಿರುತ್ತದೆ. ಪುಸ್ತಕ ಓದಿದವರು ಯಾರು ಎಂಬುದು ಬೇರೆ ಪ್ರಶ್ನೆ!

ಬಿಲ್ಲಿನ ಹೊಟ್ಟೆ ಬಗೆದಾಗ

'ಫ್ರೀ ಸರ್ವೀಸು' ಎಂದರೆ ಪುಕ್ಕಟೆ ಎಂದು ಹೋದವರು ಬಿಲ್ಲು ನೋಡಿ ಪೆಚ್ಚಾಗುವುದುಂಟು. ಫ್ರೀ ಆಗಿರುವುದು ಕೂಲಿ ಮಾತ್ರ. ಆಯಿಲು, ಗ್ರೀಸು, ಸಾಮಾನುಗಳ ದುಡ್ಡು ನಿಮ್ಮದೇ. ಫ್ರೀ ಮುಗಿದ ಮೇಲೆ ಕೂಲಿಯೂ ನಿಮ್ಮದು, ಕೂಲಿಯ ಮೇಲೆ ಶೇಕಡಾ 18 ಜಿಎಸ್‌ಟಿಯೂ ನಿಮ್ಮದು.

ಮಾತಿಗೆ ಒಂದು ಲೆಕ್ಕ ಇಟ್ಟುಕೊಳ್ಳೋಣ. ಆಯಿಲು 400 ರೂಪಾಯಿ. ಕೂಲಿ, ವಾಷಿಂಗು ಸೇರಿ 450. ಅದರ ಮೇಲೆ ತೆರಿಗೆ 81. ಸಣ್ಣಪುಟ್ಟ ಬಾಬ್ತು 150. ಒಟ್ಟು 1,081. ಅದೇ ಆಯಿಲನ್ನು ಮನೆಯಲ್ಲಿ ಬದಲಾಯಿಸಿದರೆ ಆಯಿಲು 400, ಬೋಲ್ಟಿನ ವಾಷರ್ 10, ಒಟ್ಟು 410. ಒಂದು ಸಲಕ್ಕೆ ಉಳಿತಾಯ 671. ವರ್ಷಕ್ಕೆ ಮೂರು ಸಲವಾದರೆ 2,013. ನಿಮ್ಮ ಬಿಲ್ಲು ಬೇರೆಯಿರಬಹುದು, ನಿಮ್ಮದೇ ಅಂಕಿ ಹಾಕಿ ಕೂಡಿ ನೋಡಿ.

ಇದು ನಾಣ್ಯದ ಒಂದು ಮುಖ. ಇನ್ನೊಂದು ಮುಖವನ್ನೂ ಬರೆಯಿರಿ. ಒಳ್ಳೆಯ ಸ್ಪ್ಯಾನರ್ ಸೆಟ್ಟು, ತಟ್ಟೆ, ಆಲಿಕೆ ಕೊಳ್ಳಲು ಮೊದಲ ಸಲ ಸಾವಿರವಾದರೂ ಬೇಕು. ಅಗ್ಗದ ಸ್ಪ್ಯಾನರ್ ಕೊಂಡರೆ ಬೋಲ್ಟಿನ ಮೂಲೆ ಸವೆದು ಉರುಟಾಗುತ್ತದೆ. ಎಂಜಿನ್ನಿನ ತಳ ಅಲ್ಯೂಮಿನಿಯಂ. 'ಇನ್ನೊಂದು ಸುತ್ತು ಬಿಗಿದರೆ ಗಟ್ಟಿ' ಎಂದು ಭೀಮಬಲ ತೋರಿಸಿದರೆ ಮರೆ ಕಿತ್ತುಹೋಗಿ, ಉಳಿಸಿದ 671ರ ಜಾಗದಲ್ಲಿ ಅದಕ್ಕಿಂತ ಹೆಚ್ಚಿನ ಬಿಲ್ಲು ಬರುತ್ತದೆ.

ಬಿಲ್ಲಿನಲ್ಲಿ ಇನ್ನೊಂದು ಸಂಗತಿ ನೋಡಬೇಕು. ಎಂಜಿನ್ ಫ್ಲಷ್, ಪಾಲಿಷ್, ಕೋಟಿಂಗ್ ಎಂದು ಬಾಲಂಗೋಚಿಗಳು ಸೇರಿಕೊಳ್ಳುತ್ತವೆ. ಪುಸ್ತಕದ ಸರ್ವೀಸ್ ಪಟ್ಟಿಯಲ್ಲಿ ಅದು ಇದೆಯೇ ಎಂದು ಕೇಳಿ. ಇಲ್ಲವಾದರೆ "ಬೇಡಪ್ಪ" ಎನ್ನಲು ಸಂಕೋಚವೇಕೆ? ಗಿರಾಕಿ ಬೇಡವೆಂದ ಸಾಮಾನನ್ನು ನೀವು ನಿಮ್ಮ ಅಂಗಡಿಯಲ್ಲಿ ಚೀಲಕ್ಕೆ ತುಂಬುತ್ತೀರಾ?

ನಿಮ್ಮ ಕೈಯಲ್ಲೇ ಆಗುವ ಕೆಲಸ

ಗಾಳಿ: ವಾರಕ್ಕೊಮ್ಮೆ, ಗಾಡಿ ಬಿಸಿಯಾಗುವ ಮುನ್ನ ನೋಡಿಸಿ. ಬಂಕಿನಲ್ಲಿ ಗಾಳಿ ಪುಕ್ಕಟೆ ಕೊಡಬೇಕು. ಒಬ್ಬರೇ ಕೂರುವಾಗ ಹಿಂದಿನ ಚಕ್ರಕ್ಕೆ ಒಂದು ಅಳತೆ, ಹಿಂದೆ ಜನ ಅಥವಾ ಮೂಟೆ ಇದ್ದಾಗ ಹೆಚ್ಚಿನ ಅಳತೆ. ಪುಸ್ತಕದಲ್ಲೂ ಗಾಡಿಗೆ ಅಂಟಿಸಿದ ಚೀಟಿಯಲ್ಲೂ ಅದು ಬರೆದಿರುತ್ತದೆ. ದಿನಾ ಅಕ್ಕಿ ಮೂಟೆ ಹೇರುವ ಅಂಗಡಿಯವರು ಖಾಲಿ ಗಾಡಿಯ ಅಳತೆಗೆ ಗಾಳಿ ಹಾಕಿಸಿದರೆ ಟೈರು ಪಕ್ಕದಲ್ಲಿ ಸೀಳು ಬಿಡುತ್ತದೆ. ಟೈರಿನ ಗೀರಿನ ಆಳ 0.8 ಮಿಲಿಮೀಟರಿಗಿಂತ ಕಡಿಮೆಯಾದರೆ ದ್ವಿಚಕ್ರ ವಾಹನಕ್ಕೆ ಅದು ಕಾನೂನಿನ ಪ್ರಕಾರವೂ ಸತ್ತ ಟೈರು.

ಚೈನು: ಮೈನ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್ಲಿನಲ್ಲಿಟ್ಟು, ಕೆಳಗಿನ ಸಾಲಿನ ನಡುವೆ ಬೆರಳಿನಿಂದ ಎತ್ತಿ ನೋಡಿ. ಸಾಧಾರಣ ಬೈಕುಗಳಿಗೆ ಎರಡರಿಂದ ಮೂರು ಸೆಂಟಿಮೀಟರ್ ಆಟ ಇರಬೇಕು. ಸಡಿಲವಾದರೆ ಹಲ್ಲು ಹಾರುತ್ತದೆ, ಬಿಗಿಯಾದರೆ ಬೇರಿಂಗು ಸಾಯುತ್ತದೆ. ಸೀಮೆಎಣ್ಣೆ ಸಿಗುವುದಿದ್ದರೆ ಅದರಿಂದ, ಇಲ್ಲದಿದ್ದರೆ ಚೈನ್ ಕ್ಲೀನರಿನಿಂದ ಒರೆಸಿ, 90 ನಂಬರ್ ಗೇರ್ ಆಯಿಲ್ ಹಾಕಿ. ಒಂದು ಮಾತು ಮಾತ್ರ ಮನಸ್ಸಿನಲ್ಲಿಡಿ. ಚೈನು ತೊಳೆಯುವಾಗ ಚಕ್ರವನ್ನು ಕೈಯಿಂದಲೇ ತಿರುಗಿಸಿ. ಎಂಜಿನ್ ಚಾಲೂ ಮಾಡಿ ಗೇರಿಗೆ ಹಾಕಿ ಬಟ್ಟೆ ಹಿಡಿದವರ ಬೆರಳು ಬಟ್ಟೆಯ ಜೊತೆಗೇ ಒಳಗೆ ಹೋಗುತ್ತದೆ.

ಬ್ರೇಕಿನ ಆಟ: ಡ್ರಮ್ ಬ್ರೇಕಿನ ಪ್ಲೇಟಿನ ಮೇಲೆ ಒಂದು ಗುರುತು, ಅದರ ತೋಳಿನ ಬಳಿ ಒಂದು ಬಾಣ ಇರುತ್ತದೆ. ಬ್ರೇಕ್ ಪೂರ್ತಿ ಒತ್ತಿ ಹಿಡಿದಾಗ ಬಾಣ ಆ ಗುರುತಿಗೆ ತಾಗಿದರೆ ಶೂ ಮುಗಿದಿದೆ ಎಂದರ್ಥ. ಆಗ ನಟ್ಟು ತಿರುಗಿಸಿ ದಿನ ದೂಡಬೇಡಿ, ಶೂ ಬದಲಾಯಿಸಿ.

ಆಯಿಲ್ ಮಟ್ಟ: ಗಾಡಿಯನ್ನು ನೇರವಾಗಿ ನಿಲ್ಲಿಸಿ. ಎಂಜಿನ್ ಒಂದೆರಡು ನಿಮಿಷ ಓಡಿಸಿ, ಆರಿಸಿ, ಕೊಂಚ ಕಾದು ಕಡ್ಡಿ ಎತ್ತಿ ಒರೆಸಿ ಮತ್ತೆ ಇಳಿಸಿ ನೋಡಿ. ಕಡ್ಡಿಯನ್ನು ತಿರುಪಿ ನೋಡಬೇಕೋ ಬರಿದೇ ಇಳಿಸಬೇಕೋ ಎಂಬುದು ಗಾಡಿಯಿಂದ ಗಾಡಿಗೆ ಬೇರೆ. ಪುಸ್ತಕ ನೋಡಿ.

ಅಂಗಡಿಯವರಿಗೆ ಇಲ್ಲೊಂದು ವಿಶೇಷ ಸೂಚನೆ. "ನಾನು ಮನೆಯಿಂದ ಅಂಗಡಿಗೆ ಎರಡೇ ಕಿಲೋಮೀಟರು ಓಡಿಸೋದು, ವರ್ಷವಾದರೂ ಆಯಿಲ್ ಹೊಸದಾಗೇ ಇರುತ್ತೆ" ಎಂಬ ನಂಬಿಕೆ ಬಿಡಿ. ಅಷ್ಟು ಸಣ್ಣ ಓಟದಲ್ಲಿ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಒಳಗೆ ಕಟ್ಟಿದ ತೇವ, ಸುಡದ ಪೆಟ್ರೋಲು ಆಯಿಲಿನಲ್ಲೇ ಉಳಿಯುತ್ತವೆ. ಅದಕ್ಕೇ ಪುಸ್ತಕದಲ್ಲಿ 'ಇಷ್ಟು ಕಿಲೋಮೀಟರು ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು' ಎಂದು ಬರೆದಿರುವುದು.

ಆಯಿಲ್ ಬದಲಾವಣೆ: ವಾರಂಟಿ ಮುಗಿದ ಗಾಡಿಗೆ, ಕೈ ಕುದುರಿದವರು ಧಾರಾಳವಾಗಿ ಮಾಡಬಹುದು. ಆದರೆ ಡಬ್ಬಿಯ ಮೇಲಿನ ಅಕ್ಷರ ನೋಡಿ ಕೊಳ್ಳಿ. ಗೇರಿನ ಬೈಕಿಗೆ 'ಜಾಸೋ ಎಂಎ', ಗೇರಿಲ್ಲದ ಸ್ಕೂಟರಿಗೆ 'ಜಾಸೋ ಎಂಬಿ'. ಬೈಕಿನಲ್ಲಿ ಕ್ಲಚ್ಚಿನ ಬಿಲ್ಲೆಗಳು ಆಯಿಲಿನಲ್ಲೇ ಮುಳುಗಿರುತ್ತವೆ. ಜಾರಿಕೆ ಹೆಚ್ಚಿರುವ ಕಾರಿನ ಆಯಿಲ್ ಅಥವಾ ಸ್ಕೂಟರಿನ ಆಯಿಲ್ ಸುರಿದರೆ ಕ್ಲಚ್ಚು ಜಾರಲು ಶುರುವಾಗುತ್ತದೆ. ಆಮೇಲೆ ಚಾಮುಂಡಿ ಬೆಟ್ಟ ಹತ್ತುವಾಗ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ.

ಏರ್ ಫಿಲ್ಟರ್: ಎಣ್ಣೆ ಹಚ್ಚಿದ ಕಾಗದದ ಫಿಲ್ಟರನ್ನು ಗಾಳಿ ಊದಿ, ತೊಳೆದು ಮತ್ತೆ ಹಾಕುವಂತಿಲ್ಲ, ಬದಲಾಯಿಸಬೇಕು. ಸ್ಪಂಜಿನದಾದರೆ ತೊಳೆಯಬಹುದು.

ಇಲ್ಲಿ ಕೈ ಹಾಕಬೇಡಿ

ಡಿಸ್ಕ್ ಬ್ರೇಕಿನ ದ್ರವ, ಎಬಿಎಸ್, ಇಂಜೆಕ್ಷನ್ನು, ಫೋರ್ಕಿನ ಒಳಭಾಗ, ಚಕ್ರದ ಬೇರಿಂಗು, ವೈರಿಂಗು. ಇವು ಭಾನುವಾರದ ಹವ್ಯಾಸದ ಕೆಲಸಗಳಲ್ಲ. 2019ರ ಏಪ್ರಿಲಿನಿಂದ ಮಾರಾಟವಾಗುವ ಗಾಡಿಗಳಲ್ಲಿ 125 ಸಿಸಿಗಿಂತ ಹೆಚ್ಚಿನವಕ್ಕೆ ಎಬಿಎಸ್, 125 ಸಿಸಿವರೆಗಿನವಕ್ಕೆ ಕನಿಷ್ಠ ಜೋಡಿ ಬ್ರೇಕ್ ಕಡ್ಡಾಯವಾಗಿದೆ. ಒಂದು ಹಿಡಿ ಒತ್ತಿದರೆ ಎರಡೂ ಚಕ್ರ ಹಿಡಿಯುವ ಏರ್ಪಾಡು ಅದು. ಅದರ ಕೇಬಲ್ಲಿನ ಹೊಂದಾಣಿಕೆ ತಪ್ಪಿದರೆ ಮಳೆಗಾಲದ ರಸ್ತೆಯಲ್ಲಿ ಅದರ ಫಲ ಕಾಣುತ್ತದೆ.

ಬ್ರೇಕಿನ ದ್ರವ ಗಾಳಿಯಲ್ಲಿನ ತೇವ ಹೀರುತ್ತದೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಬದಲಾಯಿಸುವಾಗ ಪೈಪಿನಲ್ಲಿ ಗಾಳಿ ಗುಳ್ಳೆ ಉಳಿದರೆ ಹಿಡಿ ಹ್ಯಾಂಡಲ್ಲಿಗೇ ತಾಗುತ್ತದೆ, ಗಾಡಿ ನಿಲ್ಲುವುದಿಲ್ಲ. ಆಯಿಲ್ ತಪ್ಪಾದರೆ ಎಂಜಿನ್ನು ಹೋಗುತ್ತದೆ, ದುಡ್ಡಿನಲ್ಲಿ ಮುಗಿಯುತ್ತದೆ. ಬ್ರೇಕು ತಪ್ಪಾದರೆ ದುಡ್ಡಿನಲ್ಲಿ ಮುಗಿಯುವುದಿಲ್ಲ. ಯಾವುದನ್ನು ಯಾರಿಗೆ ಬಿಡಬೇಕೆಂದು ತೀರ್ಮಾನಿಸಲು ಈ ಒಂದು ಅಳತೆಗೋಲು ಸಾಕು.

ವಿದ್ಯುತ್ ಸ್ಕೂಟರ್ ಕೊಂಡವರಿಗೂ ಇದೇ ಮಾತು. ಎಂಜಿನ್ ಆಯಿಲಿನ ರಗಳೆ ಅದಕ್ಕಿಲ್ಲ. ಟೈರು, ಬ್ರೇಕು ನೋಡಿಕೊಳ್ಳಿ. ಬ್ಯಾಟರಿ ಪೆಟ್ಟಿಗೆ ಮಾತ್ರ ಬಿಚ್ಚಬೇಡಿ.

ನಡುವೆ ಒಬ್ಬರಿದ್ದಾರೆ

ಷೋರೂಮು, ಮನೆ ಅಂಗಳ ಎಂಬ ಜಗಳದಲ್ಲಿ ಮೂಲೆ ಅಂಗಡಿಯ ಮೆಕ್ಯಾನಿಕ್ಕನ್ನು ನಾವು ಮರೆಯುತ್ತೇವೆ. ಹುಣಿಸೇ ಮರದಡಿ ಡಬ್ಬಾ ಅಂಗಡಿ, ಕಪ್ಪಾದ ಕೈ, ಗಾಡಿಯ ಸದ್ದು ಕೇಳಿಯೇ ಕಾಯಿಲೆ ಹೇಳುವ ಕಿವಿ. "ಭಾಯ್, ಸಾಯಂಕಾಲಕ್ಕೆ ಬೇಕು ಕಣಪ್ಪ" ಎಂದರೆ, "ನೀವ್ ಅಂಗಡಿಗೆ ಹೋಗಿ ಸಾವ್ಕಾರ್ರೇ, ಹುಡುಗನ ಕೈಲಿ ಕಳಿಸ್ತೀನಿ" ಎನ್ನುವ ಮರ್ಯಾದೆ ಯಾವ ಕೌಂಟರಿನಲ್ಲಿ ಸಿಕ್ಕೀತು?

ಅಂಗಡಿಯವರಿಗೆ ಇದು ಸಣ್ಣ ಲಾಭವಲ್ಲ. ಸರ್ವೀಸ್ ಸ್ಟೇಷನ್ನಿಗೆ ಬೆಳಿಗ್ಗೆ ಬಿಟ್ಟರೆ ಸಂಜೆಯವರೆಗೆ ಗಾಡಿಯಿಲ್ಲ. ಸರಕು ತರಲು ಆಟೋ ಬಾಡಿಗೆ. ಅದನ್ನೂ ಬಿಲ್ಲಿಗೆ ಸೇರಿಸಿ ಲೆಕ್ಕ ಹಾಕಬೇಕು. ವಾರಂಟಿ ಮುಗಿದ ಹಳೇ ಗಾಡಿಗೆ ಮೂಲೆ ಮೆಕ್ಯಾನಿಕ್ಕೇ ಸೈ. ಸಾಮಾನನ್ನು ಮಾತ್ರ ನೀವೇ ಬಿಲ್ಲು ಸಮೇತ ತಂದುಕೊಡಿ. ಬ್ರೇಕ್ ಶೂ, ಕೇಬಲ್ಲುಗಳಲ್ಲಿ ನಕಲಿ ಮಾಲು ಧಾರಾಳ. ಬಿಚ್ಚಿದ ಹಳೇ ಸಾಮಾನನ್ನು ಕೇಳಿ ಪಡೆಯಿರಿ. ಸ್ಕ್ಯಾನರ್ ಇಲ್ಲದಿದ್ದರೆ ಇಂಜೆಕ್ಷನ್ ಗಾಡಿಯ ಹಳದಿ ದೀಪಕ್ಕೆ ಅವನನ್ನು ಪೀಡಿಸಬೇಡಿ. ಪ್ರಾಮಾಣಿಕ ಮೆಕ್ಯಾನಿಕ್ಕು ತಾನೇ ಹೇಳುತ್ತಾನೆ, "ಇದು ನಮ್ ಕೈಲಾಗಲ್ಲ ಸಾರ್, ಕಂಪನಿಗೆ ಬಿಡಿ" ಎಂದು. ಹಾಗೆ ಹೇಳಿದವನನ್ನು ಬಿಡಬೇಡಿ.

ಹಳೇ ಆಯಿಲು ಮೋರಿಗೆ ಬೇಡ

ಮನೆಯಲ್ಲಿ ಆಯಿಲ್ ಬದಲಾಯಿಸುವವರ ದೊಡ್ಡ ಪಾಪ ಇದು. ಕಪ್ಪು ಆಯಿಲನ್ನು ಮೋರಿಗೋ ತೆಂಗಿನ ಮರದ ಬುಡಕ್ಕೋ ಸುರಿದು ಕೈ ತೊಳೆದುಕೊಳ್ಳುತ್ತಾರೆ. ಮೋರಿಯ ನೀರು ಹೋಗುವುದು ಎಲ್ಲಿಗೆ? ಕೆರೆಗೆ, ಕಾಲುವೆಗೆ, ಹೊಳೆಗೆ. ಬಳಸಿದ ಆಯಿಲು ಕಾನೂನಿನ ಲೆಕ್ಕದಲ್ಲಿ ಅಪಾಯಕಾರಿ ತ್ಯಾಜ್ಯ. ಅದನ್ನು ಹಳೇ ಕ್ಯಾನಿನಲ್ಲಿ ತುಂಬಿ, ಹಳೇ ಆಯಿಲ್ ಕೂಡಿಡುವ ಗ್ಯಾರೇಜಿಗೆ ಕೊಡಿ. ಅಷ್ಟು ಮಾಡಲಾರದವರು ಆಯಿಲನ್ನು ಹೊರಗೇ ಬದಲಾಯಿಸಿಕೊಳ್ಳುವುದು ಊರಿಗೆ ಕ್ಷೇಮ.

ಷೋರೂಮಿಗೆ ಹೋಗುವಾಗ

ಅಲ್ಲಿಗೇ ಬಿಡುವುದಾದರೆ ಕಣ್ಣು ಮುಚ್ಚಿಕೊಂಡು ಬಿಡಬೇಡಿ. ಜಾಬ್ ಕಾರ್ಡಿನಲ್ಲಿ ನಿಮ್ಮ ದೂರನ್ನು ನಿಮ್ಮ ಮಾತಿನಲ್ಲೇ ಬರೆಸಿ. ಕಿಲೋಮೀಟರು, ಪೆಟ್ರೋಲಿನ ಮಟ್ಟ ನಮೂದಾಗಲಿ. ಅಂದಾಜು ಮೊತ್ತ ಮೊದಲೇ ಕೇಳಿ, 'ಇದಕ್ಕಿಂತ ಹೆಚ್ಚಾದರೆ ಫೋನ್ ಮಾಡಿ' ಎಂದು ಬರೆಸಿ. ಗಾಡಿ ತೆಗೆದುಕೊಳ್ಳುವಾಗ ಒಂದು ಸುತ್ತು ಓಡಿಸಿ, ಬ್ರೇಕ್ ಹಿಡಿದು ನೋಡಿ, ಆಮೇಲೆ ಸಹಿ ಹಾಕಿ.

ಮೋಸವಾಯಿತೆಂದು ಖಾತ್ರಿಯಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೂ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಬಿಲ್ಲು, ಜಾಬ್ ಕಾರ್ಡು ಕೈಯಲ್ಲಿರಬೇಕು, ಅಷ್ಟೇ. ಬಾಯಿಮಾತಿನ ವ್ಯವಹಾರಕ್ಕೆ ಅಲ್ಲೂ ಬೆಲೆ ಕಡಿಮೆ.

ಬಸ್ ಡಿಪೋದ ಪಾಠ

ನೀವು ದಿನಾ ಹತ್ತುವ ಸರ್ಕಾರಿ ಬಸ್ಸನ್ನೇ ನೋಡಿ. ಲಕ್ಷಗಟ್ಟಲೆ ಕಿಲೋಮೀಟರು ಓಡುತ್ತದೆ. ಅದರ ಗುಟ್ಟು ದೊಡ್ಡದೇನಲ್ಲ. ಚಾಲಕ ತಾನು ಕಂಡ ದೋಷವನ್ನು ಡಿಪೋದಲ್ಲಿ ಬರೆಸುತ್ತಾನೆ. ಸಣ್ಣ ತಪಾಸಣೆಯನ್ನು ಡಿಪೋದಲ್ಲೇ ಮಾಡುತ್ತಾರೆ. ದೊಡ್ಡ ಕೆಲಸ ವರ್ಕ್‌ಷಾಪಿಗೆ ಹೋಗುತ್ತದೆ. ಎಲ್ಲಕ್ಕೂ ಕಿಲೋಮೀಟರಿನ ಲೆಕ್ಕವಿದೆ.

ಇದೇ ಕ್ರಮ ನಿಮ್ಮ ಸ್ಕೂಟರಿಗೂ ಸಾಕು. ವಾರದ ಕೆಲಸ ನಿಮ್ಮದು, ಮಧ್ಯಮ ಕೆಲಸ ಮೆಕ್ಯಾನಿಕ್ಕಿನದು, ವಾರಂಟಿ ಮತ್ತು ಕಂಪ್ಯೂಟರಿನ ಕೆಲಸ ಕಂಪನಿಯದು. ಉದ್ರಿ ಲೆಕ್ಕದ ಪುಸ್ತಕದ ಕೊನೇ ಪುಟದಲ್ಲಿ ಗಾಡಿಗೂ ಒಂದು ಖಾತೆ ತೆರೆಯಿರಿ. ಯಾವ ತಾರೀಖು, ಎಷ್ಟು ಕಿಲೋಮೀಟರು, ಏನು ಬದಲಾಯಿತು, ಎಷ್ಟಾಯಿತು ಎಂದು ನಾಲ್ಕು ಕಾಲಂ ಸಾಕು. ಗಿರಾಕಿಯ ಬಾಕಿ ಮರೆಯದ ನೀವು ಗಾಡಿಯ ಬಾಕಿ ಮರೆತರೆ ಹೇಗೆ? ಗಿರಾಕಿಯಾದರೆ ಮುಂದಿನ ತಿಂಗಳಿಗೆ ಕಾಯುತ್ತಾನೆ. ಸವೆದ ಬ್ರೇಕ್ ಶೂ ಕಾಯುವುದಿಲ್ಲ.